ಡಾಕ್ಟರ್ ಹೂ ಸಿಂಫನಿ ಕಚೇರಿಗಳು

ಬ್ರಿಟನ್ನಿನ ಬಿಬಿಸಿ ನಿರ್ಮಿಸಿದ 'ಡಾಕ್ಟರ್ ಹೂ' ಎಂಬ ವಿಜ್ಞಾನ ಕಥಾ ಟೆಲಿವಿಷನ್ ಸರಣಿಯ ಹಿನ್ನೆಲೆ ಸಂಗೀತವನ್ನು ಪೂರ್ಣ ಪ್ರಮಾಣದ ಸಿಂಫನಿ ವಾದ್ಯವೃಂದವೂ ಗಾಯಕವೃಂದವೂ ಸಭಾಂಗಣದಲ್ಲಿ ನೇರವಾಗಿ ನುಡಿಸಿ ಹಾಡುವ ಕಾರ್ಯಕ್ರಮಗಳು. 2006ರ ನವೆಂಬರಿನಲ್ಲಿ ವೇಲ್ಸ್‌ನ ಕಾರ್ಡಿಫ್ ನಗರದಲ್ಲಿ ಆರಂಭವಾದ ಇವು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ಗೆ ಏರಿ, 2012ರಿಂದ 'ಡಾಕ್ಟರ್ ಹೂ ಸಿಂಫೋನಿಕ್ ಸ್ಪೆಕ್ಟ್ಯಾಕ್ಯುಲರ್' ಎಂಬ ಹೆಸರಿನಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲೂ ಅನಂತರ ಬ್ರಿಟನ್ನಿನ ದೊಡ್ಡ ಕ್ರೀಡಾಂಗಣಗಳಲ್ಲೂ ಸಂಚರಿಸಿದವು. ಜನಪ್ರಿಯ ಸರಣಿಯೊಂದರ ಪ್ರಚಾರೋತ್ಸವವೆಂದು ಇವನ್ನು ಬದಿಗಿಡುವುದು ಸುಲಭ. ಆದರೆ ಇವುಗಳ ಚರಿತ್ರೆಯನ್ನು ಸರಣಿಯ ಸಂಗೀತದ ಚರಿತ್ರೆಯೊಡನೆ ಇಟ್ಟು ನೋಡಿದರೆ ಬೇರೆಯೇ ಒಂದು ಸಂಗತಿ ಗೋಚರಿಸುತ್ತದೆ. ಮಾತು ಮತ್ತು ಸದ್ದುಗಳ ಅಡಿಯಲ್ಲಿ ಅರ್ಧ ಕೇಳಿಸಿ ಅರ್ಧ ಮುಚ್ಚಿಹೋಗುತ್ತಿದ್ದ, ಮಾಡಿದವರ ಹೆಸರು ಕೂಡ ಹಲವೊಮ್ಮೆ ನೋಡುಗರನ್ನು ತಲುಪದಿದ್ದ ಒಂದು ಬಗೆಯ ದುಡಿಮೆಯನ್ನು ಈ ಕಚೇರಿಗಳು ಕೇಳುಗರ ಕಣ್ಣೆದುರಿಗೆ ತಂದವು. ಇವುಗಳ ಬೆಲೆಯನ್ನು ಅಳೆಯಬೇಕಾದದ್ದು ಇದೇ ಅಳತೆಗೋಲಿನಿಂದ. ಇವುಗಳ ಕೊರತೆ ಕಾಣುವುದೂ ಇದರಿಂದಲೇ.

ಹಿನ್ನೆಲೆ: ಹೆಸರಿಲ್ಲದವರ ಸಂಗೀತ

'ಡಾಕ್ಟರ್ ಹೂ' ಮೊದಲ ಬಾರಿಗೆ ಪ್ರಸಾರವಾದದ್ದು 1963ರ ನವೆಂಬರ್ 23ರಂದು. ಕಾಲದೇಶಗಳನ್ನು ದಾಟುತ್ತ ಅಲೆಯುವ ಡಾಕ್ಟರ್ ಎಂಬುವನು ಇದರ ನಾಯಕ. ಹೊರನೋಟಕ್ಕೆ ನೀಲಿ ಪೊಲೀಸ್ ಪೆಟ್ಟಿಗೆಯಂತೆ ಕಾಣುವ ಟಾರ್ಡಿಸ್ ಅವನ ವಾಹನ. ಸಾವಿನಂಚಿಗೆ ಬಂದಾಗ ಅವನು ಹೊಸ ದೇಹ ತಾಳುತ್ತಾನಾದ್ದರಿಂದ ನಟರು ಬದಲಾದರೂ ಪಾತ್ರ ನಿಲ್ಲುವುದಿಲ್ಲ. ಸರಣಿಯ ಶೀರ್ಷಿಕೆ ಸಂಗೀತವನ್ನು ರಚಿಸಿದವರು ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ಹುಟ್ಟಿದ ರಾನ್ ಗ್ರೇನರ್. ಅವರು ಕೊಟ್ಟದ್ದು ಕಾಗದದ ಮೇಲಿನ ಚಿಕ್ಕದೊಂದು ಸ್ವರಲಿಪಿ ಮಾತ್ರ. ಅದನ್ನು ಕೇಳಬಹುದಾದ ನಾದವಾಗಿಸಿದವರು ಬಿಬಿಸಿಯ ರೇಡಿಯೊಫೋನಿಕ್ ವರ್ಕ್‌ಶಾಪ್‌ನ ಡೀಲಿಯಾ ಡರ್ಬಿಶೈರ್. ಡಿಕ್ ಮಿಲ್ಸ್ ಅವರಿಗೆ ನೆರವಾದರು. ಸಿಂಥಸೈಜರ್ ಸುಲಭವಾಗಿ ಸಿಗದ ಕಾಲವದು. ಮೀಟಿದ ತಂತಿಯೊಂದರ ಸದ್ದನ್ನು ಟೇಪಿನಲ್ಲಿ ಹಿಡಿದು, ಅದರ ವೇಗವನ್ನು ಏರಿಸಿ ಇಳಿಸಿ ಮಂದ್ರದ ಸ್ವರಗಳನ್ನು ಪಡೆದರು; ಉಪಕರಣಗಳನ್ನು ಪರೀಕ್ಷಿಸಲು ಇಟ್ಟಿದ್ದ ಆಸಿಲೇಟರುಗಳಿಂದ ಮೇಲಿನ ಧಾಟಿಯನ್ನು ಹೊರಡಿಸಿದರು. ಪ್ರತಿಯೊಂದು ಸ್ವರಕ್ಕೂ ಬೇಕಾದಷ್ಟು ಉದ್ದದ ಟೇಪನ್ನು ಕತ್ತರಿಸಿ ಅಂಟಿಸಿ, ಹಾಗೆ ಸಿದ್ಧವಾದ ಎಳೆಗಳನ್ನು ಬೇರೆಬೇರೆ ಯಂತ್ರಗಳಲ್ಲಿ ಏಕಕಾಲಕ್ಕೆ ಓಡಿಸಿ ಒಂದುಗೂಡಿಸಿದರು. ಈ ಕೆಲಸವನ್ನು ಮೆಚ್ಚಿದ ಗ್ರೇನರ್ ಗೌರವಧನದಲ್ಲಿ ಡರ್ಬಿಶೈರ್ ಅವರಿಗೂ ಪಾಲು ಸಿಗಲೆಂದು ಬಯಸಿದರು. ವರ್ಕ್‌ಶಾಪ್‌ನ ಸಿಬ್ಬಂದಿಯನ್ನು ಹೆಸರಿಸಬಾರದೆಂಬ ಬಿಬಿಸಿಯ ಅಂದಿನ ಪದ್ಧತಿ ಅದಕ್ಕೆ ಅಡ್ಡಬಂತು. ತೆರೆಯ ಮೇಲೆ ಡರ್ಬಿಶೈರ್ ಅವರ ಹೆಸರು ಮೂಡಿದ್ದು ಸರಣಿಯ ಐವತ್ತನೆಯ ವರ್ಷದ ವಿಶೇಷ ಕಂತಿನಲ್ಲಿ, 2013ರಲ್ಲಿ. ಅವರು ತೀರಿಕೊಂಡು ಆಗ ಹನ್ನೆರಡು ವರ್ಷ ಕಳೆದಿತ್ತು.

ಇದು ಒಬ್ಬರಿಗೆ ಮಾತ್ರ ಒದಗಿದ ಪಾಡಾಗಿರಲಿಲ್ಲ. 1958ರಲ್ಲಿ ಡ್ಯಾಫ್ನಿ ಓರಮ್ ಮತ್ತು ಡೆಸ್ಮಂಡ್ ಬ್ರಿಸ್ಕೊ ಕಟ್ಟಿದ ವರ್ಕ್‌ಶಾಪ್ ಬಾನುಲಿ ಹಾಗೂ ಟೆಲಿವಿಷನ್ ಕಾರ್ಯಕ್ರಮಗಳಿಗೆ ಸದ್ದು ಒದಗಿಸುವ ಸೇವಾ ವಿಭಾಗವಾಗಿತ್ತು. ಅಲ್ಲಿದ್ದವರನ್ನು ಸಂಯೋಜಕರೆಂದು ಸಂಸ್ಥೆ ಎಣಿಸಿರಲಿಲ್ಲ. ಟಾರ್ಡಿಸ್ ಹೊರಡುವಾಗ ಕೇಳಿಸುವ ಏದುಸಿರಿನಂಥ ಸದ್ದನ್ನು ಬ್ರಯನ್ ಹಾಡ್ಜ್‌ಸನ್ ಪಿಯಾನೊದ ಮಂದ್ರ ತಂತಿಯ ಮೇಲೆ ಬೀಗದ ಕೈಯನ್ನು ಗೀರಿ ಸೃಷ್ಟಿಸಿದರು. ಆ ಸದ್ದನ್ನು ಕೋಟ್ಯಂತರ ಜನ ಗುರುತಿಸಬಲ್ಲರು. ಟ್ರಿಸ್ಟ್ರಮ್ ಕ್ಯಾರಿ, ಮೆಲ್ಬರ್ನ್ ಮೂಲದ ಡಡ್ಲಿ ಸಿಂಪ್ಸನ್, ಪ್ಯಾಡಿ ಕಿಂಗ್ಸ್‌ಲೆಂಡ್, ಪೀಟರ್ ಹೋವೆಲ್ ಮೊದಲಾದವರು ಹಳೆಯ ಸರಣಿಗೆ ಸಂಗೀತ ಬರೆದರು. ಕೆಲವರು ಬೆರಳೆಣಿಕೆಯ ವಾದಕರನ್ನು ಬಳಸಿದರು, ಕೆಲವರು ಪೂರ್ತಿಯಾಗಿ ಇಲೆಕ್ಟ್ರಾನಿಕ್ ಉಪಕರಣಗಳನ್ನೇ ನಂಬಿದರು. ಯಾವ ದಾರಿ ಹಿಡಿದರೂ ಅವರ ಸಂಗೀತಕ್ಕೆ ಸಭೆಯ ಮುಂದೆ ನಿಲ್ಲುವ ಅವಕಾಶವಿರಲಿಲ್ಲ. ಕಂತು ಮುಗಿದೊಡನೆ ಅದೂ ಮುಗಿಯುತ್ತಿತ್ತು. 1989ರಲ್ಲಿ ಸರಣಿ ನಿಂತಿತು; 1998ರಲ್ಲಿ ವರ್ಕ್‌ಶಾಪ್ ಕೂಡ ಮುಚ್ಚಿತು.

ವಾದ್ಯವೃಂದದ ಪ್ರವೇಶ

2005ರ ಮಾರ್ಚ್ 26ರಂದು ಸರಣಿ ಮರಳಿದಾಗ ನಿರ್ಮಾಣದ ಹೊಣೆ ಕಾರ್ಡಿಫ್‌ನ ಬಿಬಿಸಿ ವೇಲ್ಸ್‌ಗೆ ಬಂದಿತ್ತು. ಸಂಗೀತ ಮರ್ರೆ ಗೋಲ್ಡ್ ಅವರದು. ಮೊದಲ ವರ್ಷದ ಸಂಗೀತವನ್ನು ಅವರು ಬಹುಮಟ್ಟಿಗೆ ಕಂಪ್ಯೂಟರಿನಲ್ಲಿ, ವಾದ್ಯಗಳ ಧ್ವನಿಮಾದರಿಗಳನ್ನು ಜೋಡಿಸಿ ತಯಾರಿಸಿದರು. ಅದೇ ವರ್ಷದ ಕ್ರಿಸ್‌ಮಸ್ ಕಂತಿನಿಂದ ಬಿಬಿಸಿ ನ್ಯಾಷನಲ್ ಆರ್ಕೆಸ್ಟ್ರಾ ಆಫ್ ವೇಲ್ಸ್ ನುಡಿಸತೊಡಗಿತು. ಗೋಲ್ಡ್ ಅವರ ರಚನೆಗಳನ್ನು ವಾದ್ಯವೃಂದಕ್ಕೆ ಒಗ್ಗಿಸಿ, ಅದನ್ನು ಮುನ್ನಡೆಸಿದವರು ಬೆನ್ ಫಾಸ್ಟರ್. ಈ ಬದಲಾವಣೆಯಿಲ್ಲದೆ ಮುಂದಿನ ಕಚೇರಿಗಳಿಗೆ ದಾರಿಯೇ ಇರುತ್ತಿರಲಿಲ್ಲ. ಯಂತ್ರದೊಳಗೆ ಹುಟ್ಟಿ ಯಂತ್ರದಲ್ಲೇ ಉಳಿಯುವ ಸಂಗೀತವನ್ನು ನಕಲು ಮಾಡಬಹುದು, ಮತ್ತೆ ನುಡಿಸಲು ಬರುವುದಿಲ್ಲ. ಪಿಟೀಲಿಗೆ ಇಷ್ಟು, ಹಿತ್ತಾಳೆಯ ಗಾಳಿವಾದ್ಯಗಳಿಗೆ ಇಷ್ಟು ಎಂದು ವಿಭಾಗಿಸಿ ಬರೆದ ಸ್ವರಲಿಪಿ ಇದ್ದರೆ ಅದನ್ನು ಯಾವ ಊರಿನ ನುರಿತ ವಾದ್ಯವೃಂದವಾದರೂ ಎತ್ತಿಕೊಳ್ಳಬಹುದು. ಸಂಚಾರಿ ಕಚೇರಿಯ ಬೀಜ ಇದ್ದದ್ದು ಈ ಕಾಗದದ ಹಾಳೆಗಳಲ್ಲಿ.

ಗೋಲ್ಡ್ ಅವರ ಬರವಣಿಗೆಯ ಗುಣವೂ ಸಭಾಂಗಣಕ್ಕೆ ಅನುಕೂಲವಾಗಿಯೇ ಇತ್ತು. ಅವರ ಧಾಟಿಗಳು ಉದ್ದವಾದವು, ಹಾಡಿಕೊಳ್ಳಬಹುದಾದವು, ಪಾತ್ರಗಳಿಗೆ ಕಟ್ಟಿದವು. 2006ರ 'ಡೂಮ್ಸ್‌ಡೇ' ಕಂತಿನಲ್ಲಿ ಡಾಕ್ಟರ್ ಮತ್ತು ಅವನ ಸಂಗಾತಿ ರೋಸ್ ಅಗಲುವಾಗ ಬರುವ ಸಂಗೀತದಲ್ಲಿ ಮೆಲನಿ ಪ್ಯಾಪನ್‌ಹೈಮ್ ಅವರ ಕಂಠ ಪದಗಳಿಲ್ಲದೆ ಏರುತ್ತದೆ. ಹನ್ನೊಂದನೆಯ ಡಾಕ್ಟರನಿಗಾಗಿ 2010ರಲ್ಲಿ ಬರೆದ 'ಐ ಆಮ್ ದ ಡಾಕ್ಟರ್' ಏಳು ಮಾತ್ರೆಗಳ ಆವರ್ತದಲ್ಲಿ ಸಾಗುತ್ತದೆ. ಮಿಶ್ರ ಛಾಪನ್ನು ಬಲ್ಲ ಕಿವಿಗೆ ಏಳರ ಲೆಕ್ಕ ಹೊಸದೇನಲ್ಲ. ಆದರೆ ನಾಲ್ಕರ ನಡೆಗೆ ಒಗ್ಗಿಹೋದ ಬ್ರಿಟಿಷ್ ಟೆಲಿವಿಷನ್ನಿನ ಸಾಹಸ ಸಂಗೀತದಲ್ಲಿ ಅದು ಓಟಕ್ಕೆ ಒಂದು ತವಕವನ್ನು, ಒಂದು ಹೆಜ್ಜೆ ಮುಂದಾಗಿಯೇ ಇಡುವ ಅವಸರವನ್ನು ಕೊಟ್ಟಿತು. ಹತ್ತನೆಯ ಡಾಕ್ಟರನ ಬೀಳ್ಕೊಡುಗೆಗೆ ಬರೆದ 'ವಾಲೆ ಡೆಕೆಮ್' ಲ್ಯಾಟಿನ್ ಸಾಹಿತ್ಯವುಳ್ಳ ಗಾಯನ ಕೃತಿ. ನಾಯಕ ರೂಪ ಬದಲಿಸಿದಾಗಲೆಲ್ಲ ಹೊಸ ಧಾಟಿ ಬೇಕಾಗುವುದರಿಂದ ಕೃತಿಗಳ ಸಂಗ್ರಹ ತಾನಾಗಿ ಬೆಳೆಯುತ್ತ ಹೋಯಿತು. ಸಿಲ್ವಾ ಸ್ಕ್ರೀನ್ ಸಂಸ್ಥೆ ಹೊರತಂದ ಧ್ವನಿಮುದ್ರಿಕೆಗಳಿಗಾಗಿ ಚಿಕ್ಕ ಚಿಕ್ಕ ತುಣುಕುಗಳನ್ನು ಸೇರಿಸಿ ಬಿಡಿ ಕೃತಿಗಳಾಗಿ ರೂಪಿಸಿದ್ದು ಸಭಾಂಗಣದತ್ತ ಇನ್ನೊಂದು ಹೆಜ್ಜೆಯಾಯಿತು.

ಕಚೇರಿಗಳು ಮತ್ತು ಸಂಚಾರ

ಮೊದಲ ಕಚೇರಿ 2006ರ ನವೆಂಬರ್ 19ರಂದು ಕಾರ್ಡಿಫ್‌ನ ವೇಲ್ಸ್ ಮಿಲೆನಿಯಮ್ ಸೆಂಟರಿನಲ್ಲಿ, ಮಕ್ಕಳಿಗಾಗಿ ಬಿಬಿಸಿ ನಡೆಸುವ 'ಚಿಲ್ಡ್ರನ್ ಇನ್ ನೀಡ್' ನಿಧಿಯ ಸಹಾಯಾರ್ಥ ನಡೆಯಿತು. ಆಗ ಡಾಕ್ಟರನ ಪಾತ್ರದಲ್ಲಿದ್ದ ಡೇವಿಡ್ ಟೆನಂಟ್ ನಿರೂಪಕರಾಗಿದ್ದರು. 2008ರ ಜುಲೈ 27ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಪ್ರಾಮ್ಸ್ ಉತ್ಸವದ ಅಂಗವಾಗಿ, ಬಿಬಿಸಿ ಫಿಲ್‌ಹಾರ್ಮೋನಿಕ್ ವಾದ್ಯವೃಂದ ಈ ಸಂಗೀತವನ್ನು ನುಡಿಸಿತು. 1895ರಲ್ಲಿ ಆರಂಭವಾದ ಪ್ರಾಮ್ಸ್ ಬ್ರಿಟನ್ನಿನ ಶಾಸ್ತ್ರೀಯ ಸಂಗೀತದ ಅತಿ ದೊಡ್ಡ ಸಾರ್ವಜನಿಕ ಉತ್ಸವ. ಕಡಿಮೆ ದರದ ಚೀಟಿ ಪಡೆದು ನಿಂತು ಕೇಳುವ ಪದ್ಧತಿ ಅಲ್ಲಿ ಇಂದಿಗೂ ಉಳಿದಿದೆ. ಅಂದಿನ ಕಾರ್ಯಕ್ರಮದಲ್ಲಿ ಗೋಲ್ಡ್ ಅವರ ಕೃತಿಗಳ ಜೊತೆಗೆ ಕೋಪ್ಲೆಂಡ್, ಹೋಲ್ಸ್ಟ್, ವಾಗ್ನರ್, ಪ್ರೊಕೊಫಿಯೆವ್ ಅವರ ರಚನೆಗಳೂ ಸಮಕಾಲೀನ ಸಂಯೋಜಕ ಮಾರ್ಕ್-ಆಂಟನಿ ಟರ್ನೇಜ್ ಅವರ ಕೃತಿಯೊಂದೂ ಇದ್ದವು. ಈ ಸಂದರ್ಭಕ್ಕೆಂದೇ ಚಿತ್ರಿಸಿದ 'ಮ್ಯೂಸಿಕ್ ಆಫ್ ದ ಸ್ಫಿಯರ್ಸ್' ಎಂಬ ಕಿರುಚಿತ್ರದಲ್ಲಿ ಡಾಕ್ಟರನೇ ಸಂಯೋಜಕನಾಗಿ ಕಾಣಿಸಿಕೊಂಡು, ತೆರೆಯ ಮೇಲಿನಿಂದ ಸಭಾಂಗಣದ ವಾದಕರೊಡನೆ ಸೇರಿಕೊಂಡನು. 2010 ಮತ್ತು 2013ರಲ್ಲಿ ಪ್ರಾಮ್ಸ್ ಮತ್ತೆ ಈ ಸಂಗೀತಕ್ಕೆ ಎಡೆ ಕೊಟ್ಟಿತು. ದೀರ್ಘ ಬಿಡುವಿನ ಬಳಿಕ 2024ರಲ್ಲಿ ಇನ್ನೊಮ್ಮೆ.

ಸಂಚಾರ ಆರಂಭವಾದದ್ದು 2012ರ ಫೆಬ್ರವರಿಯಲ್ಲಿ, ಮೆಲ್ಬರ್ನ್ ಸಿಂಫನಿ ಆರ್ಕೆಸ್ಟ್ರಾದೊಡನೆ. ಅದೇ ವರ್ಷದ ಡಿಸೆಂಬರಿನಲ್ಲಿ ಕಾರ್ಯಕ್ರಮ ಸಿಡ್ನಿ ಆಪೆರಾ ಹೌಸ್ ತಲುಪಿತು. ಆಸ್ಟ್ರೇಲಿಯದ ಸಾರ್ವಜನಿಕ ಟೆಲಿವಿಷನ್ 1965ರಿಂದಲೇ ಈ ಸರಣಿಯನ್ನು ತೋರಿಸುತ್ತ ಬಂದಿತ್ತು. ಶೀರ್ಷಿಕೆ ಸಂಗೀತದ ಕರ್ತೃವೂ ಹಳೆಯ ಸರಣಿಗೆ ಅತಿ ಹೆಚ್ಚು ಸಂಗೀತ ಬರೆದವರಲ್ಲೊಬ್ಬರಾದ ಸಿಂಪ್ಸನ್ನರೂ ಆ ದೇಶದವರೇ. ಹಾಗಾಗಿ ಅಲ್ಲಿ ಸಿಕ್ಕ ಸ್ವಾಗತ ಆಕಸ್ಮಿಕವಲ್ಲ. 2015ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸಂಚಾರ ನಡೆಯಿತು. ವೆಂಬ್ಲಿ, ಕಾರ್ಡಿಫ್, ಗ್ಲಾಸ್ಗೊ ಮೊದಲಾದೆಡೆ ಸಾವಿರಾರು ಜನ ಹಿಡಿಸುವ ಒಳಾಂಗಣಗಳಲ್ಲಿ ವೇಲ್ಸ್‌ನ ವಾದ್ಯವೃಂದವೇ ನುಡಿಸಿತು. ಐದನೆಯ ಡಾಕ್ಟರನಾಗಿದ್ದ ಪೀಟರ್ ಡೇವಿಸನ್ ನಿರೂಪಣೆ ವಹಿಸಿದರು. ವಿದೇಶಗಳಲ್ಲಿ ಸ್ಥಳೀಯ ವಾದಕರು, ಸ್ವದೇಶದಲ್ಲಿ ಮೂಲ ವಾದಕರು ಎಂಬ ಈ ಎರಡು ಮಾದರಿಗಳ ಆಚೆಗೂ, ಬೇರೆ ಸರಣಿಗಳಿಗೂ ಈ ಬಗೆಯ ಕಚೇರಿ ಹಬ್ಬಿತು. 'ಸ್ಟಾರ್ ಟ್ರೆಕ್' ಸರಣಿಯ ಐವತ್ತನೆಯ ವರ್ಷವಾದ 2016ರಲ್ಲಿ ಅದರ ಸಂಗೀತ ಉತ್ತರ ಅಮೆರಿಕದ ಹಲವು ನಗರಗಳನ್ನು ಸುತ್ತಿತು.

ಪ್ರದರ್ಶನದ ರೀತಿ

ವಾದ್ಯವೃಂದದ ಮೇಲ್ಗಡೆ ದೊಡ್ಡ ತೆರೆ; ಅದರಲ್ಲಿ ಕಂತುಗಳಿಂದ ಆಯ್ದು ಹೊಸದಾಗಿ ಜೋಡಿಸಿದ ದೃಶ್ಯಗಳು. ಕೃತಿ ಕೃತಿಗಳ ನಡುವೆ ನಿರೂಪಣೆ. ಡಾಲೆಕ್, ಸೈಬರ್‌ಮನ್ ಮೊದಲಾದ ಎದುರಾಳಿಗಳ ವೇಷಧಾರಿಗಳು ಸಭಿಕರ ನಡುವೆ ಬಂದು ಹೋಗುತ್ತಾರೆ. ಧ್ವನಿವರ್ಧಕಗಳ ಬಳಕೆ ಧಾರಾಳ. ಟೆಲಿವಿಷನ್ನಿನಲ್ಲಿ ಚಿತ್ರ ಮೊದಲು ಸಿದ್ಧವಾಗುತ್ತದೆ. ಸಂಗೀತ ಅದರ ಅಳತೆಗೆ ತಕ್ಕಂತೆ ಬರೆಯಿಸಿಕೊಂಡು, ಸಂಭಾಷಣೆ ಬಂದಲ್ಲಿ ತಗ್ಗಿ, ಸ್ಫೋಟ ಬಂದಲ್ಲಿ ಮುಳುಗುತ್ತದೆ. ಕಚೇರಿಯಲ್ಲಿ ಈ ಕ್ರಮ ತಿರುವುಮುರುವಾಗುತ್ತದೆ. ಕೃತಿಯ ಉದ್ದಕ್ಕೆ ತಕ್ಕಂತೆ ದೃಶ್ಯಗಳನ್ನು ಕತ್ತರಿಸಿರುತ್ತಾರೆ, ಮಾತು ಬಹುಮಟ್ಟಿಗೆ ಇಲ್ಲವಾಗಿರುತ್ತದೆ. ಮನೆಯಲ್ಲಿ ನೋಡುವಾಗ ಗಮನಕ್ಕೆ ಬಾರದ ಒಳದನಿಗಳು, ಚೆಲ್ಲೊಗಳ ಮೇಲೆ ನಿಂತ ಪ್ರತಿಧಾಟಿ, ಗಾಯಕವೃಂದದ ಪದರಗಳು ಇಲ್ಲಿ ಕೇಳಿಸುತ್ತವೆ. ಅದರ ಜೊತೆಗೆ ಆ ಸದ್ದು ಯಾರ ಕೈಯಿಂದ, ಯಾವ ವಾದ್ಯದಿಂದ ಬಂತೆಂಬುದೂ ಕಾಣುತ್ತದೆ. ಕೊಂಬಿನ ಕೂಗು ಬಂದಾಗ ಅದನ್ನು ಊದುವವರು ಉಸಿರೆಳೆದುಕೊಳ್ಳುವುದನ್ನು ಮಗುವೊಂದು ನೋಡುತ್ತದೆ. ಪರದೆಯ ಹಿಂದಿನ ದುಡಿಮೆ ಎದುರಿಗೆ ಬರುವುದೆಂದರೆ ಇದು.

ಆಕ್ಷೇಪಗಳು

ಮೊದಲ ಆಕ್ಷೇಪ, ಈ ಸಂಗೀತ ಚಿತ್ರದ ಊರುಗೋಲಿಲ್ಲದೆ ನಿಲ್ಲಲಾರದು ಎಂಬುದು. ತೆರೆ, ವೇಷ, ನಿರೂಪಣೆಗಳೇ ಅದಕ್ಕೆ ಸಾಕ್ಷಿ ಎಂದು ಆಕ್ಷೇಪಿಸುವವರು ಹೇಳುತ್ತಾರೆ. ಇನ್ನೊಂದು ಕಲೆಗೆ ಆಸರೆಯಾಗಿ ಹುಟ್ಟಿದ ಸಂಗೀತ ಸ್ವತಂತ್ರವಾಗಿ ಬಾಳಲಾರದೆಂಬ ಈ ಊಹೆಯನ್ನು ಯುರೋಪಿನ ಸಂಗೀತ ಚರಿತ್ರೆಯೇ ಅಲ್ಲಗಳೆಯುತ್ತದೆ. 1872ರಲ್ಲಿ ದೋದೆಯ 'ಲಾರ್ಲೇಸಿಯೆನ್' ನಾಟಕ ಸೋತಿತು. ಅದಕ್ಕೆ ಬಿಜೆ ಬರೆದ ಸಂಗೀತ ಕಚೇರಿ ಕೃತಿಯಾಗಿ ಇಂದಿಗೂ ನುಡಿಯುತ್ತಿದೆ. ಇಬ್ಸನ್ನನ 'ಪೇರ್ ಗುಂಟ್'ಗೆ ಗ್ರೀಗ್ ಬರೆದ ರಂಗಸಂಗೀತ ಎರಡು ಗುಚ್ಛಗಳಾಗಿ ಲೋಕಪ್ರಸಿದ್ಧವಾಯಿತು. ಐಸೆನ್‌ಸ್ಟೈನ್ ನಿರ್ದೇಶಿಸಿದ 1938ರ 'ಅಲೆಕ್ಸಾಂಡರ್ ನೆವ್‌ಸ್ಕಿ' ಚಿತ್ರದ ಸಂಗೀತವನ್ನು ಪ್ರೊಕೊಫಿಯೆವ್ ಮರುವರ್ಷವೇ ಗಾಯನ ಕೃತಿಯಾಗಿ ಮಾರ್ಪಡಿಸಿದರು. ಹುಟ್ಟಿನ ಕಾರಣ ಬೇರೆ, ಬಾಳುವ ಶಕ್ತಿ ಬೇರೆ. ಗೋಲ್ಡ್ ಅವರ ಸಂಗೀತವೆಲ್ಲ ಈ ಮಟ್ಟದ್ದೆಂದು ವಾದಿಸಬೇಕಾಗಿಲ್ಲ. ಬೆನ್ನಟ್ಟುವಿಕೆ, ಗಾಬರಿಗಳಿಗೆಂದು ಬರೆದ ಎಷ್ಟೋ ತುಣುಕುಗಳು ಚಿತ್ರವಿಲ್ಲದೆ ಬಡವಾಗುತ್ತವೆ. 'ಐ ಆಮ್ ದ ಡಾಕ್ಟರ್'ನ ಆವರ್ತ, 'ವಾಲೆ ಡೆಕೆಮ್'ನ ನಿಧಾನದ ಏರಿಕೆ ಹಾಗಲ್ಲ. ತೆರೆಯ ಕಡೆ ಕಣ್ಣು ಹಾಯಿಸದೆ ಕೇಳಿದರೂ ಅವುಗಳ ಕಟ್ಟೋಣ ಸಡಿಲವಾಗುವುದಿಲ್ಲ. ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬ ಪರೀಕ್ಷೆ ನಡೆಯಬೇಕಾದದ್ದೇ ಕಚೇರಿಯಲ್ಲಿ. ನುಡಿಸದೆಯೇ ತೀರ್ಪು ಕೊಡಲು ಬರುವುದಿಲ್ಲ.

ಎರಡನೆಯದು ವ್ಯಾಪಾರದ ಆಕ್ಷೇಪ. ಸರಣಿಯ ಹೆಸರಿನ ಮೇಲೆ ಬೊಂಬೆ, ಅಂಗಿ, ಪುಸ್ತಕ ಮಾರುವಂತೆಯೇ ಇದೂ ಒಂದು ಸರಕು. ಸಾರ್ವಜನಿಕ ಹಣದಿಂದ ನಡೆಯುವ ವಾದ್ಯವೃಂದಗಳು ಇದಕ್ಕೆ ಸಮಯ ಕೊಡಬಾರದು ಎಂಬ ವಾದ. ವ್ಯಾಪಾರದ ಅಂಶ ಇರುವುದು ನಿಜ. ಕ್ರೀಡಾಂಗಣದ ಸಂಚಾರ ದೇಣಿಗೆಯಿಂದ ನಡೆಯುವ ಮಾತಲ್ಲ. ಆದರೆ ಬೊಂಬೆಗೂ ಕಚೇರಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಬೊಂಬೆಯನ್ನು ಒಮ್ಮೆ ಅಚ್ಚು ಹಾಕಿದರೆ ಲಕ್ಷಗಟ್ಟಲೆ ತೆಗೆಯಬಹುದು. ಕಚೇರಿಯನ್ನು ಪ್ರತಿ ಸಂಜೆಯೂ ಹತ್ತಾರು ಪರಿಣತರು ಮೊದಲಿನಿಂದ ಕಟ್ಟಬೇಕು, ಅದಕ್ಕೆ ಅವರಿಗೆ ಸಂಬಳ ಸಲ್ಲಬೇಕು. ವೇಲ್ಸ್‌ನ ವಾದ್ಯವೃಂದವನ್ನು ಬಿಬಿಸಿಯೂ ಆರ್ಟ್ಸ್ ಕೌನ್ಸಿಲ್ ಆಫ್ ವೇಲ್ಸ್ ಕೂಡ ಪೋಷಿಸುತ್ತವೆ. ತನ್ನ ಊರಿನಲ್ಲೇ ತಯಾರಾದ, ತಾನೇ ಧ್ವನಿಮುದ್ರಿಸಿದ ಸಂಗೀತವನ್ನು ಅದು ತೆರಿಗೆದಾರರ ಮುಂದೆ ನುಡಿಸುವುದು ಸಾರ್ವಜನಿಕ ಸಂಸ್ಥೆಯ ಧರ್ಮಕ್ಕೆ ವಿರುದ್ಧವಾದದ್ದೇನಲ್ಲ. ವಾದ್ಯವೃಂದದ ಕಾಲವೆಲ್ಲ ಇದಕ್ಕೇ ಹೋಗಿ ಹೊಸ ಕೃತಿಗಳಿಗೆ ಎಡೆಯೇ ಉಳಿಯದಿದ್ದರೆ ಆಗ ದೂರಬಹುದು. 2008ರ ಕಾರ್ಯಕ್ರಮದಲ್ಲಿ ಟರ್ನೇಜ್ ಅವರ ಕೃತಿ ಇದ್ದುದು ಎರಡನ್ನೂ ಜೊತೆಗೆ ನಡೆಸಬಹುದೆಂಬುದಕ್ಕೆ ನಿದರ್ಶನ.

ಮೂರನೆಯ ಆಕ್ಷೇಪ, ಇಂಥ ಕಚೇರಿಗೆ ಬಂದವರು ಮುಂದೆ ಬ್ರಾಮ್ಸ್‌ನನ್ನೋ ಮಾಲರ್‌ನನ್ನೋ ಕೇಳಲು ಬರುವುದಿಲ್ಲ ಎಂಬುದು. ಈ ಕಚೇರಿಗಳನ್ನು ಸಮರ್ಥಿಸುವವರೇ ಇದಕ್ಕೆ ಎಡೆಮಾಡಿಕೊಟ್ಟಿದ್ದಾರೆ. ಶಾಸ್ತ್ರೀಯ ಸಂಗೀತಕ್ಕೆ ಮಕ್ಕಳನ್ನು ಸೆಳೆಯುವ ಮೊದಲ ಮೆಟ್ಟಿಲು ಇದು ಎಂದು ಅವರು ಮತ್ತೆ ಮತ್ತೆ ಹೇಳಿದ್ದಾರೆ. ಆ ಸಮರ್ಥನೆ ಸಲ್ಲದು. ಒಂದು ಕಚೇರಿಯ ಬೆಲೆಯನ್ನು ಅದು ಬೇರೊಂದು ಕಚೇರಿಗೆ ಎಷ್ಟು ಜನರನ್ನು ಕಳುಹಿಸಿತೆಂದು ಅಳೆದರೆ ಅದರ ಸ್ವಂತ ಬೆಲೆಯನ್ನು ಬಿಟ್ಟುಕೊಟ್ಟಂತೆ. ಎಂಟು ವರ್ಷದ ಮಗುವೊಂದು ಎಂಬತ್ತು ಜನ ಒಟ್ಟಿಗೆ ಉಸಿರಾಡಿ ಒಂದು ನಾದವನ್ನು ಎಬ್ಬಿಸುವುದನ್ನು ಕಂಡಿತು ಎಂಬುದೇ ಸಾಕಾದ ಫಲ. ಮುಂದೆ ಅದು ಎಲ್ಲಿಗೆ ಹೋಗುತ್ತದೆಂಬುದು ಆ ಮಗುವಿನ ಸ್ವಾತಂತ್ರ್ಯ.

ಇವೆಲ್ಲಕ್ಕಿಂತ ಗಟ್ಟಿಯಾದದ್ದು ನಾಲ್ಕನೆಯ ಆಕ್ಷೇಪ. 'ಡಾಕ್ಟರ್ ಹೂ'ವಿನ ಅಸಲಿ ಸಂಗೀತ ವಾದ್ಯವೃಂದದ್ದಲ್ಲ. ಟೇಪು, ಕತ್ತರಿ, ಆಸಿಲೇಟರುಗಳದ್ದು. 1963ರಲ್ಲಿ ಅದು ಬೆರಗು ಹುಟ್ಟಿಸಿದ್ದು ಯಾವ ವಾದ್ಯದ ಸದ್ದೆಂದು ಯಾರಿಗೂ ಹೇಳಲಾಗದ್ದರಿಂದ. ಅದನ್ನು ಪಿಟೀಲು, ಕೊಂಬುಗಳಿಗೆ ಒಗ್ಗಿಸುವುದೆಂದರೆ ಅಪರಿಚಿತವನ್ನು ಪರಿಚಿತಗೊಳಿಸಿ, ಹೊಸ ಹಾದಿ ಹಾಕಿದವರನ್ನು ಮತ್ತೊಮ್ಮೆ ಮರೆಗೆ ತಳ್ಳಿದಂತೆ. ಈ ಮಾತಿನಲ್ಲಿ ಸತ್ಯವಿದೆ. ಸ್ವರಲಿಪಿ ಇದ್ದದ್ದು ಮಾತ್ರ ಕಚೇರಿಯಾಗಬಲ್ಲದು ಎಂದಾದಾಗ, ಸ್ವರಲಿಪಿಗೆ ಸಿಗದ ಡರ್ಬಿಶೈರ್ ಅವರ ಕೈಚಳಕ ಹೊರಗುಳಿಯುತ್ತದೆ. ಕಾಣದ ದುಡಿಮೆಯನ್ನು ಕಾಣಿಸುವುದೇ ಈ ಕಚೇರಿಗಳ ಹೆಗ್ಗಳಿಕೆ ಎಂದ ಮೇಲೆ ಅವು ಯಾರನ್ನು ಕಾಣಿಸಲಿಲ್ಲವೆಂದು ಕೇಳುವುದೂ ನ್ಯಾಯ. ಇದಕ್ಕೆ ಎರಡು ಸಮಾಧಾನಗಳಿವೆ. ಎರಡೂ ಭಾಗಶಃ ಮಾತ್ರ. 2005ರ ಶೀರ್ಷಿಕೆ ಸಂಗೀತದಲ್ಲಿ ಗೋಲ್ಡ್ ಮೂಲ ಧ್ವನಿಮುದ್ರಣದ ನಾದಗಳನ್ನೇ ಉಳಿಸಿಕೊಂಡು ವಾದ್ಯವೃಂದದ ಪದರಗಳನ್ನು ಹೆಣೆದರು. ಹಳೆಯದನ್ನು ಅವರು ಅಳಿಸಲಿಲ್ಲ. ಸರಣಿಯ ಐವತ್ತನೆಯ ವರ್ಷದ ಪ್ರಾಮ್ಸ್ ಕಾರ್ಯಕ್ರಮದಲ್ಲಿ ಹಳೆಯ ಸರಣಿಯ ಸಂಯೋಜಕರ ಸಂಗೀತಕ್ಕೂ ಜಾಗ ಸಿಕ್ಕಿತು. ಆದರೂ ಸಂಚಾರದ ಮುಖ್ಯ ಹೊರೆ ಗೋಲ್ಡ್ ಅವರ ಕೃತಿಗಳದ್ದೇ. ವರ್ಕ್‌ಶಾಪ್‌ನ ಪರಂಪರೆ ಅಲ್ಲಿ ನೆನಪಿನ ಕಾಣಿಕೆಯ ಮಟ್ಟವನ್ನು ದಾಟಿ ಹೋಗಲಿಲ್ಲ.

ಸ್ಥಾನ ನಿರ್ಣಯ

ಚಿತ್ರಕ್ಕಾಗಿ ಹುಟ್ಟಿದ ಸಂಗೀತವನ್ನು ಈ ಕಚೇರಿಗಳು ಸಭೆಯ ಪರೀಕ್ಷೆಗೆ ಒಡ್ಡಿದವು. ಅದರಲ್ಲಿ ಕೆಲವು ಕೃತಿಗಳು ಗೆದ್ದವು. ಬರೆದವರು, ಒಗ್ಗಿಸಿದವರು, ನುಡಿಸಿದವರು ಚಪ್ಪಾಳೆಯ ಎದುರು ನಿಂತರು. ನಾಲ್ಕು ದಶಕಗಳ ಕಾಲ ಸಂಗೀತಗಾರರ ಮುಖ ಕಾಣದಿದ್ದ ಸರಣಿಯೊಂದಕ್ಕೆ ಇದು ಸಣ್ಣ ಮಾರ್ಪಾಟಲ್ಲ. ಇಷ್ಟಾದ ಮೇಲೆ ಮಾಡಬೇಕಾದದ್ದೇನೆಂಬುದೂ ಸ್ಪಷ್ಟವಾಗಿದೆ. ಗಟ್ಟಿಯಾದ ಕೃತಿಗಳನ್ನಾದರೂ ತೆರೆಯನ್ನು ಆರಿಸಿ ನುಡಿಸುವ ಧೈರ್ಯವನ್ನು ಸಂಘಟಕರು ತೋರಬೇಕು. ವಾದ್ಯಗಳಿಗೆ ಒಗ್ಗದ ಟೇಪ್ ಸಂಗೀತವನ್ನು ಅದರ ಮೂಲ ರೂಪದಲ್ಲೇ, ತಯಾರಿಸಿದವರ ಹೆಸರು ಹೇಳಿ, ಒಳ್ಳೆಯ ಧ್ವನಿವರ್ಧಕಗಳ ಮೂಲಕ ಅದೇ ವೇದಿಕೆಯಿಂದ ಕೇಳಿಸಬೇಕು. ಡಾಲೆಕ್‌ಗಳನ್ನು ವೇದಿಕೆಗೆ ತರಲು ಸಾಧ್ಯವಾದ ಕಡೆ ನಾಲ್ಕು ಟೇಪ್ ಯಂತ್ರಗಳನ್ನು ತರುವುದು ಕಷ್ಟವಲ್ಲ. ಹಾಗೆ ಮಾಡಿದಾಗ ಗೋಲ್ಡ್ ಅವರ ವಾದ್ಯವೃಂದಕ್ಕೆ ಕುಂದೇನೂ ಬರುವುದಿಲ್ಲ. ಡರ್ಬಿಶೈರ್, ಹಾಡ್ಜ್‌ಸನ್, ಸಿಂಪ್ಸನ್ ಅವರಿಂದ ಗೋಲ್ಡ್ ಅವರವರೆಗೆ ಹರಿದು ಬಂದ ಒಂದೇ ಪರಂಪರೆ ಒಂದೇ ಸಂಜೆಯಲ್ಲಿ ಪೂರ್ತಿಯಾಗಿ ಕೇಳಿಸುತ್ತದೆ, ಮತ್ತು ಈ ಕಚೇರಿಗಳು ಹೊತ್ತ ಹೊಣೆ ಪೂರ್ಣವಾಗುತ್ತದೆ.